ಮನೆಯ ವಿದ್ಯೆ ಊರಿನ ವಿದ್ಯೆಯಾಗಲಿ

ಸಂಗೀತವಿದ್ಯೆಯು ನಮ್ಮ ದೇಶದಲ್ಲಿ ಬಹುಕಾಲದಿಂದ ಮನೆತನಗಳ ಆಶ್ರಯದಲ್ಲಿ ಉಳಿದು ಬಂದುದು. ಅಜ್ಜನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಇಳಿದು ಬಂದ ಈ ಸೊತ್ತನ್ನು ಕಾಪಾಡಿದ ಮನೆತನಗಳಿಗೆ ನಾಡು ಋಣಿಯಾಗಿದೆ. ಆದರೆ ಮನೆಯ ಗೋಡೆಗಳೊಳಗೇ ನಿಂತ ವಿದ್ಯೆಯು ಆಸಕ್ತಿಯಿಲ್ಲದ ಒಂದೇ ತಲೆಮಾರಿನಿಂದ ಅಳಿದು ಹೋಗಬಹುದೆಂಬುದನ್ನು ಮರೆಯಲಾಗದು.

ಈ ಅಪಾಯವನ್ನು ದೂರಮಾಡುವ ದಾರಿಯನ್ನು ಧಾರವಾಡವು ತೋರಿಸಿಕೊಟ್ಟಿದೆ. ಸಿತಾರರತ್ನ ಉಸ್ತಾದ ರಹಿಮತಖಾನರು ಬೀನಕಾರ ಬಂದೇ ಅಲಿಖಾನರ ಶಿಷ್ಯರು. ಸಿತಾರಕ್ಕೆ ಖರ್ಜದ ತಂತಿಗಳನ್ನು ಕೂಡಿಸಿ ಅದರ ನಾದಕ್ಕೆ ಗಾಂಭೀರ್ಯವನ್ನು ತಂದ ಕೀರ್ತಿಯು ಅವರದು. ಹೊರಗಿನಿಂದ ಬಂದು ಧಾರವಾಡದಲ್ಲಿ ನೆಲೆಸಿದ ಆ ಮಹನೀಯರು ತಮ್ಮ ವಿದ್ಯೆಯನ್ನು ಮನೆಯವರಿಗೆ ಮಾತ್ರ ಮೀಸಲಿಡದೆ, ಭಾರತೀಯ ಸಂಗೀತ ವಿದ್ಯಾಲಯವನ್ನು ಸ್ಥಾಪಿಸಿ ಊರಿಗೆ ಬಾಗಿಲು ತೆರೆದರು. 1954ರಲ್ಲಿ ಅವರು ಕಾಲವಾದರೂ ಮಗ ಕರೀಮಖಾನರೂ ಮೊಮ್ಮಗ ಉಸ್ತಾದ ಬಾಲೇಖಾನರೂ (1942–2007) ಆ ಪರಂಪರೆಯನ್ನು ಬೆಳಗಿದರು. ಗದಗಿನಲ್ಲಿ ಪಂಚಾಕ್ಷರಿ ಗವಾಯಿಗಳು (1892–1944) ರಕ್ತಸಂಬಂಧವಿಲ್ಲದ ಅಂಧ ಅನಾಥ ಬಾಲಕರನ್ನೇ ತಮ್ಮ ಮನೆತನವೆಂದು ಬಗೆದರು; ಪುಟ್ಟರಾಜ ಗವಾಯಿಗಳು (1914–2010) ವೀರೇಶ್ವರ ಪುಣ್ಯಾಶ್ರಮದ ಆ ಸೇವೆಯನ್ನು ಮುಂದುವರಿಸಿದರು. ಒಂದು ಕಡೆ ಮನೆಯು ಶಾಲೆಯಾಯಿತು. ಇನ್ನೊಂದು ಕಡೆ ಶಾಲೆಯೇ ಮನೆಯಾಯಿತು.

ನಲವತ್ತು ಮಕ್ಕಳ ತರಗತಿಯಲ್ಲಿ ಕಲಿಸಿದರೆ ಘರಾಣೆಯ ವಿದ್ಯೆಯು ತೆಳುವಾಗುವುದೆಂದು ಕೆಲವರು ಆಕ್ಷೇಪಿಸುವರು. ನಲವತ್ತು ಮಂದಿಯೂ ವಿದ್ವಾಂಸರಾಗುವುದಿಲ್ಲವೆಂಬುದು ದಿಟ. ಆದರೆ ಅವರಲ್ಲಿ ಒಬ್ಬನು ಗುರುವಿನ ಬಳಿಯಲ್ಲಿ ಉಳಿದರೆ ಪರಂಪರೆಗೆ ವಾರಸುದಾರನು ದೊರೆತಂತೆ. ಉಳಿದವರು ರಸಿಕರಾದರೆ ಆ ವಾರಸುದಾರನಿಗೆ ಶ್ರೋತೃಗಳು ದೊರೆತಂತೆ. ಕೇಳುವವರಿಲ್ಲದ ಊರಿನಲ್ಲಿ ಯಾವ ಮನೆತನವು ತಾನೆ ಎಷ್ಟು ದಿನ ಹಾಡೀತು?

ಇನ್ನು ಅಧಿಕಾರಿಗಳ ಮಾತು. ಇಪ್ಪತ್ತು ವರ್ಷ ಸಾಧನೆ ಮಾಡಿದವನಲ್ಲಿ ಪದವಿಪತ್ರವಿಲ್ಲದಿದ್ದರೆ ಅವನನ್ನು ಶಾಲೆಯ ಹೊಸ್ತಿಲಲ್ಲಿಯೇ ತಡೆಯುವುದು ನ್ಯಾಯವೆನಿಸದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಸ್ಥಳೀಯ ಕಲಾವಿದರನ್ನು ಶಿಕ್ಷಣಸಂಸ್ಥೆಗಳಿಗೆ ಬರಮಾಡಿಕೊಳ್ಳಬೇಕೆಂದು ಹೇಳಿದೆ. ಆ ನೀತಿಯ ಇತರ ಭಾಗಗಳ ವಿಷಯದಲ್ಲಿ ಮತಭೇದವಿರಬಹುದು. ಈ ಮಾತನ್ನು ಮಾತ್ರ ಯಾವ ಪಕ್ಷದವರೂ ಒಪ್ಪಬಹುದಾಗಿದೆ. ಪದವಿಪತ್ರವಿಲ್ಲದವರ ಯೋಗ್ಯತೆಯನ್ನು ಇಬ್ಬರು ವಿದ್ವಾಂಸರು ಪರೀಕ್ಷಿಸಲಿ. ಯೋಗ್ಯರೆಂದು ಕಂಡವರಿಗೆ ಗೌರವಧನವನ್ನು ಗೊತ್ತುಮಾಡಿ ವಾರಕ್ಕೆ ಎರಡು ತಾಸುಗಳನ್ನು ಒಪ್ಪಿಸಲಿ. ಮನೆತನದ ಹೆಸರೊಂದೇ ಸಾಲದು, ಕಲಿಸುವ ಶಕ್ತಿಯೂ ಬೇಕೆಂಬ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಲಿ. ಗೌರವಧನವು ತಿಂಗಳು ತಿಂಗಳು ತಪ್ಪದೆ ಕೈಸೇರುವಂತೆಯೂ ನೋಡಿಕೊಳ್ಳಲಿ. ಹಸಿದ ಹೊಟ್ಟೆಯಿಂದ ಪರಂಪರೆಯನ್ನು ಕಾಯಿರೆಂದು ಹೇಳುವ ಅಧಿಕಾರವು ಯಾರಿಗೂ ಇಲ್ಲ.

ಪಟ್ಟಣದ ಮಹಾಜನರೂ ಸುಮ್ಮನಿರತಕ್ಕದ್ದಲ್ಲ. ಸತ್ತ ವಿದ್ವಾಂಸರ ಪುಣ್ಯತಿಥಿಗೆ ಹಾರ ಹಾಕುವ ವೆಚ್ಚದಲ್ಲಿ ಒಂದಂಶವನ್ನು ಉಳಿಸಿ ಬಡ ಹುಡುಗನೊಬ್ಬನಿಗೆ ತಂಬೂರಿಯನ್ನು ಕೊಡಿಸಿದರೆ ಆ ವಿದ್ವಾಂಸರ ಸ್ಮರಣೆಯು ಹೆಚ್ಚು ಸಾರ್ಥಕವಾದೀತು. ಮನೆತನಗಳು ವಿದ್ಯೆಯನ್ನು ಇದುವರೆಗೆ ಕಾಯ್ದುಕೊಟ್ಟಿವೆ. ಅದನ್ನು ಮುಂದಕ್ಕೆ ಸಾಗಿಸುವ ಹೊಣೆಯು ಈಗ ಊರಿನದು, ಊರಿನ ಶಾಲೆಯದು.