ದೇವರನ್ನು ಪಕ್ಕಕ್ಕಿಟ್ಟು ಓದುವವರಿಗೆ

ಕಳೆದ ವರ್ಷ ಒಂದು ವಿಚಾರ ಸಂಕಿರಣದಲ್ಲಿ ನಾರ್ವಿಚ್‌ನ ಜೂಲಿಯನ್ ಬಗ್ಗೆ ಪ್ರಬಂಧ ಓದಿದೆ. ಪ್ರಶ್ನೋತ್ತರದ ಹೊತ್ತಿಗೆ ಹಿರಿಯ ವಿಮರ್ಶಕರೊಬ್ಬರು ಮೈಕ್ ತೆಗೆದುಕೊಂಡು, "ಪ್ರಬಂಧ ಚೆನ್ನಾಗಿದೆ. ಆದರೆ ದೇವರನ್ನು ಸ್ವಲ್ಪ ಪಕ್ಕಕ್ಕಿಟ್ಟು ನೋಡಿ. ಅನುಭಾವಕ್ಕೆ ಧರ್ಮದ ಹಂಗಿಲ್ಲ, ಅದು ವ್ಯಕ್ತಿಯ ಏಕಾಂತದ ಸ್ವಾತಂತ್ರ್ಯ" ಎಂದರು. ಸಭೆ ತಲೆದೂಗಿತು. ನಾನೂ ತಲೆದೂಗಿದೆ. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗಲಷ್ಟೇ, ಪಕ್ಕಕ್ಕಿಡುವುದಾದರೆ ಎಲ್ಲಿಡುವುದು ಎಂಬ ಪ್ರಶ್ನೆ ಹುಟ್ಟಿತು. ಆ ಪುಸ್ತಕದಲ್ಲಿ ದೇವರಿಲ್ಲದ ಪುಟವೇ ಇಲ್ಲ.

ಹಾಗೆಂದು ಆ ಹಿರಿಯರೊಬ್ಬರನ್ನೇ ದೂರುವುದು ಸರಿಯಲ್ಲ. ಸಾಹಿತ್ಯ ಓದುವ ನಾವೆಲ್ಲ ಹಾಗೆಯೇ ತರಬೇತಾದವರು. ಅನುಭಾವಿಯ ಮಾತಿನಲ್ಲಿ 'ದೇವರು' ಎಂದು ಬಂದ ಕೂಡಲೇ ಅದನ್ನು ದೇಹ ಎಂದೋ, ಪ್ರತಿರೋಧ ಎಂದೋ, ಭಾಷೆಯ ಮಿತಿ ಎಂದೋ ಅನುವಾದಿಸಿಕೊಂಡು ಮುಂದೆ ಹೋಗುತ್ತೇವೆ. ಜೂಲಿಯನ್ ಮತ್ತು ಅಕ್ಕಮಹಾದೇವಿಯನ್ನು ಒಂದೇ ಪವರ್‌ಪಾಯಿಂಟ್ ಸ್ಲೈಡಿನಲ್ಲಿ ಕೂರಿಸಿ, ಇಬ್ಬರೂ ವ್ಯವಸ್ಥೆಯನ್ನು ಧಿಕ್ಕರಿಸಿದ ಒಂಟಿ ಹೆಣ್ಣುಗಳು ಎಂದು ಮುಗಿಸುತ್ತೇವೆ. ಅಕ್ಕ ಮನೆ ಬಿಟ್ಟು ನಡೆದವಳು, ಜೂಲಿಯನ್ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಸಿಕೊಂಡವಳು ಎಂಬ ಸಣ್ಣ ವ್ಯತ್ಯಾಸವೂ ನಮ್ಮನ್ನು ತಡೆಯುವುದಿಲ್ಲ. ಈ ಅಭ್ಯಾಸಕ್ಕೆ ಬೆಂಬಲವಾಗಿ ವಿಲಿಯಂ ಜೇಮ್ಸ್‌ನ ಹೆಸರು ಬರುತ್ತದೆ. 1902ರಲ್ಲಿ ಪ್ರಕಟವಾದ ತನ್ನ ಉಪನ್ಯಾಸಗಳಲ್ಲಿ ಆತ, ಧರ್ಮವೆಂದರೆ ಏಕಾಂತದಲ್ಲಿರುವ ವ್ಯಕ್ತಿಗಳ ಭಾವನೆ, ಅನುಭವ, ಕ್ರಿಯೆಗಳು ಎಂಬರ್ಥದ ವ್ಯಾಖ್ಯೆ ಕೊಟ್ಟ. ಆ ವ್ಯಾಖ್ಯೆಗೆ ಉತ್ತರಾರ್ಧವೊಂದಿದೆ: ತಾವು ದೈವವೆಂದು ಭಾವಿಸುವುದರೊಂದಿಗೆ ಆ ವ್ಯಕ್ತಿಗಳಿಗಿರುವ ಸಂಬಂಧ. ನಾವು ಏಕಾಂತವನ್ನು ಉಳಿಸಿಕೊಂಡು ಸಂಬಂಧವನ್ನು ಕೈಬಿಟ್ಟೆವು.

ಮೊದಲು ಈ ಏಕಾಂತ ಎಂಥದ್ದಿತ್ತು ನೋಡೋಣ. ಜೂಲಿಯನ್ ಒಬ್ಬ ಆಂಕರೆಸ್. ಎಂದರೆ ಚರ್ಚಿನ ಗೋಡೆಗೆ ಅಂಟಿಸಿ ಕಟ್ಟಿದ ಕೋಣೆಯಲ್ಲಿ ಸಾಯುವವರೆಗೂ ಇರುತ್ತೇನೆಂದು ವ್ರತ ತೊಟ್ಟವಳು. ಇದು ಯಾರಿಗೆ ಬೇಕಾದರೂ ಬೇಕೆನಿಸಿದಾಗ ಸಿಗುತ್ತಿದ್ದ ಬದುಕಾಗಿರಲಿಲ್ಲ. ಬಿಷಪ್ಪರ ಅನುಮತಿ ಬೇಕಿತ್ತು. ಒಳಗೆ ಹೋದವಳಿಗೆ ಬದುಕಿರುವವರೆಗೆ ಅನ್ನಬಟ್ಟೆಗೆ ದಾರಿ ಇದೆಯೇ ಎಂದು ವಿಚಾರಿಸಲಾಗುತ್ತಿತ್ತು. ಕೋಣೆ ಪ್ರವೇಶದ ವಿಧಿಯಲ್ಲಿ ಸತ್ತವರಿಗೆ ಹೇಳುವ ಪ್ರಾರ್ಥನೆಗಳೂ ಇರುತ್ತಿದ್ದವು. ವಾಡಿಕೆಯಂತೆ ಇಂಥ ಕೋಣೆಗೆ ಮೂರು ಕಿಟಕಿ: ಪೂಜೆ ನೋಡಲು ಚರ್ಚಿನ ಒಳಕ್ಕೊಂದು, ಊಟ ತರುವ, ಕೊಳೆ ಒಯ್ಯುವ ಸೇವಕಿಯ ಕಡೆಗೊಂದು, ಮಾತಾಡಲು ಬರುವವರಿಗೆಂದು ಹೊರಕ್ಕೊಂದು. ಹದಿಮೂರನೇ ಶತಮಾನದಲ್ಲಿ ಆಂಕರೆಸ್‌ಗಳಿಗಾಗಿ ಬರೆದ 'ಆಂಕ್ರೆನ್ ವಿಸ್' ಎಂಬ ಕೈಪಿಡಿ ಈ ಹೊರಕಿಟಕಿಗೆ ಕಪ್ಪು ಪರದೆ ಹಾಕಬೇಕೆನ್ನುತ್ತದೆ, ಅಲ್ಲಿ ಕೂತು ಊರಿನ ಸುದ್ದಿ ಮಾತಾಡಬೇಡಿ ಎಂದು ಮತ್ತೆ ಮತ್ತೆ ಎಚ್ಚರಿಸುತ್ತದೆ. ಇಷ್ಟು ಸಲ ಎಚ್ಚರಿಸಬೇಕಾಯಿತೆಂದರೆ ಕಿಟಕಿಯ ಬಳಿ ಗದ್ದಲ ಚೆನ್ನಾಗಿಯೇ ಇದ್ದಿರಬೇಕು. ದನ ಸಾಕಕೂಡದು, ಬೆಕ್ಕಾದರೆ ಅಡ್ಡಿಯಿಲ್ಲ ಎಂಬ ನಿಯಮವೂ ಅದರಲ್ಲಿದೆ. ಇವತ್ತು ಜೂಲಿಯನ್‌ಳ ಹಲವು ಚಿತ್ರಗಳಲ್ಲಿ ಕಾಣುವ ಬೆಕ್ಕು ಆ ಸಾಲಿನಿಂದ ಇಳಿದು ಬಂದದ್ದು. ಅವಳ ಪುಸ್ತಕದಲ್ಲಿ ಬೆಕ್ಕಿಲ್ಲ.

ಅವಳ ಕೋಣೆಯಿದ್ದ ಸೇಂಟ್ ಜೂಲಿಯನ್ ಚರ್ಚು ಕಾಡಿನಲ್ಲೂ ಇರಲಿಲ್ಲ, ಬೆಟ್ಟದ ಮೇಲೂ ಇರಲಿಲ್ಲ. ವೆನ್ಸಮ್ ನದಿಯ ಹತ್ತಿರ, ವ್ಯಾಪಾರದ ಸರಕು ಓಡಾಡುವ ಬೀದಿಯ ಪಕ್ಕದಲ್ಲಿತ್ತು. ಅವಳನ್ನು ಊರು ಸಾಕಿದ್ದಕ್ಕೆ ಉಯಿಲುಗಳ ಸಾಕ್ಷಿಯಿದೆ. 1394ರಲ್ಲಿ ಒಬ್ಬ ಪಾದ್ರಿ ಎರಡು ಷಿಲ್ಲಿಂಗ್ ಬರೆದಿಟ್ಟ. 1415ರಲ್ಲಿ ನಾರ್ವಿಚ್‌ನ ಒಬ್ಬ ವ್ಯಾಪಾರಿ ಅವಳಿಗೆ ನಲವತ್ತು ಪೆನ್ನಿ ಕೊಟ್ಟದ್ದಲ್ಲದೆ, ಅವಳ ಸೇವಕಿಗೂ ಹಿಂದೆ ಸೇವಕಿಯಾಗಿದ್ದ ಆಲಿಸ್ ಎಂಬವಳಿಗೂ ಹನ್ನೆರಡು ಹನ್ನೆರಡು ಪೆನ್ನಿ ಬಿಟ್ಟ. ಅನುಭಾವದ ಚರಿತ್ರೆಯಲ್ಲಿ ನನಗೆ ತುಂಬ ಇಷ್ಟವಾದ ದಾಖಲೆ ಈ ಆಲಿಸಳ ಹನ್ನೆರಡು ಪೆನ್ನಿ. ಜೂಲಿಯನ್ ಬಗ್ಗೆ ನಾವು ಬರೆಯುವ 'ಸ್ವತಂತ್ರ ಏಕಾಂತ'ದ ಪ್ರಬಂಧಗಳಲ್ಲಿ ಅವಳ ಮಲಪಾತ್ರೆ ಹೊತ್ತವಳ ಹೆಸರು ಬರುವುದಿಲ್ಲ.

ಸುಮಾರು 1413ರಲ್ಲಿ ಲಿನ್ ಪಟ್ಟಣದ ಮಾರ್ಜರಿ ಕೆಂಪ್ ಅವಳನ್ನು ಕಾಣಲು ಬಂದಳು. ಹದಿನಾಲ್ಕು ಮಕ್ಕಳ ತಾಯಿ, ಚರ್ಚಿನಲ್ಲಿ ಗಟ್ಟಿಯಾಗಿ ಅತ್ತು ಎಲ್ಲರಿಗೂ ತಲೆನೋವಾಗಿದ್ದವಳು. ತನಗೆ ಕಾಣುವುದು ದೇವರಿಂದ ಬಂದದ್ದೋ, ಭ್ರಮೆಯೋ ಎಂದು ಅವಳು ಕೇಳಿದಳು. ಗಮನಿಸಿ, 'ನನ್ನ ಅನುಭವ, ನನ್ನ ಸತ್ಯ' ಎನ್ನುವ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ. ದೇವರ ಗೌರವಕ್ಕೂ ಸಹಕ್ರೈಸ್ತರ ಹಿತಕ್ಕೂ ವಿರುದ್ಧವಾಗಿಲ್ಲದಿದ್ದರೆ ಒಪ್ಪಿಕೋ ಎಂಬುದು ಜೂಲಿಯನ್ ಕೊಟ್ಟ ಒರೆಗಲ್ಲು. ಮಂಗಳೂರಿನವರಿಗೆ ಇಂಥ ಬದುಕು ಅಷ್ಟು ದೂರದ್ದಲ್ಲ. 1870ರಲ್ಲಿ ಫ್ರಾನ್ಸಿನ ಪೋ ಪಟ್ಟಣದಿಂದ ಹೊರಟು ಬಂದ ಕಾರ್ಮೆಲ್ ಸನ್ಯಾಸಿನಿಯರು ಅಲ್ಲಿ ಆವೃತ ಮಠ ಕಟ್ಟಿದರು. ಒಳಗಿರುವವರು ಹೊರಗಿನವರಿಗಾಗಿ ಪ್ರಾರ್ಥಿಸುತ್ತಾರೆ, ಹೊರಗಿನವರು ಪ್ರಾರ್ಥನೆ ಕೇಳಿಕೊಂಡು ಬರುತ್ತಾರೆ. 'ಏಕಾಂತ–ಲೋಕಾಂತ' ಎಂದು ನಮ್ಮ ವಿಮರ್ಶೆ ಎಳೆಯುವ ಗೆರೆ ಆ ಗೋಡೆಯ ಮೇಲೆ ಬೀಳುವುದೇ ಇಲ್ಲ.

ಈಗ ದೇವರ ವಿಷಯ. ನನ್ನ ಹಾಸ್ಟೆಲ್ ಗೆಳತಿಯೊಬ್ಬಳು ಧಾರವಾಡ ಕಡೆಯವಳು, ಪ್ರಾಟೆಸ್ಟೆಂಟ್ ಮನೆತನದವಳು, ಸಾಹಿತ್ಯಕ್ಕೂ ಅವಳಿಗೂ ಸಂಬಂಧವಿಲ್ಲ, ಅವಳದು ಮಣ್ಣು ವಿಜ್ಞಾನ. 2021ರ ಎರಡನೇ ಅಲೆಯಲ್ಲಿ ಅವಳ ಅಪ್ಪ ತೀರಿಕೊಂಡರು. ಮಣ್ಣು ಮಾಡಲು ನಾಲ್ಕು ಜನ ಇದ್ದರಂತೆ. ಆಮೇಲೆ ಫೋನ್ ಮಾಡಿದ ಬಂಧುಗಳಲ್ಲಿ ಕೆಲವರು, ಇದು ದೇವರ ಕೋಪ, ಮನೆಯಲ್ಲಿ ಏನೋ ತಪ್ಪು ನಡೆದಿದೆ, ಪಶ್ಚಾತ್ತಾಪ ಪಡಿ ಎಂದರು. ಒಂದು ರಾತ್ರಿ ನನ್ನ ಮೇಜಿನ ಮೇಲಿದ್ದ ಜೂಲಿಯನ್ ಪುಸ್ತಕ ಎತ್ತಿಕೊಂಡು ಹೋದವಳು ಮೂರು ದಿನದ ನಂತರ ಬಂದು ಕೇಳಿದಳು: "ದೇವರೊಳಗ ಸಿಟ್ಟೇ ಕಾಣಲಿಲ್ಲ ಅಂತಾಳಲ್ಲ ಈಕಿ. ಇದು ಖರೇ ಏನು?"

ಖರೇ ಏನು! ಆರು ವರ್ಷದಿಂದ ಸಾಹಿತ್ಯ ಓದುತ್ತಿರುವ ನನಗೆ ಈ ಪ್ರಶ್ನೆ ಒಮ್ಮೆಯೂ ಬಂದಿರಲಿಲ್ಲ. ಆ ಸಾಲುಗಳ ಬಗ್ಗೆ ನನ್ನ ಬಳಿ ಹನ್ನೊಂದು ಪುಟದ ಟಿಪ್ಪಣಿ ಇತ್ತು. ಅಧಿಕಾರ, ಲಿಂಗ, ನಿರೂಪಣೆ ಎಲ್ಲ ಇತ್ತು. ಅವಳಿಗೆ ಕೊಡಬಹುದಾದದ್ದು ಅದರಲ್ಲಿ ಏನೂ ಇರಲಿಲ್ಲ.

ಜೂಲಿಯನ್ ಆ ಮಾತು ಹೇಳಿದ್ದು ಎಲ್ಲಿಂದ ಎಂಬುದನ್ನು ನೆನೆಯಬೇಕು. 1348–49ರ ಪ್ಲೇಗು ಬಂದಾಗ ಅವಳು ಆರೇಳು ವರ್ಷದ ಹುಡುಗಿ. 1361ರಲ್ಲಿ ಅದು ಮರಳಿ ಬಂತು, 1369ರಲ್ಲಿ ಮತ್ತೆ. ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂಬುದೇ ಆ ಕಾಲದ ಉಪದೇಶಗಳ ಧಾಟಿ. 1373ರ ಮೇ ತಿಂಗಳಲ್ಲಿ, ಮೂವತ್ತು ವರ್ಷದ ಅವಳು ಕಾಯಿಲೆಯಿಂದ ಸಾಯುವ ಸ್ಥಿತಿಯಲ್ಲಿದ್ದಾಗ, ಪಾದ್ರಿ ಶಿಲುಬೆಯನ್ನು ಕಣ್ಣೆದುರು ಹಿಡಿದ. ಹದಿನಾರು ದರ್ಶನಗಳಾದವು. ಅವಳು ಬದುಕಿಕೊಂಡಳು. ದರ್ಶನದಲ್ಲಿ ಕೋಪ ಎಲ್ಲೂ ಕಾಣಲಿಲ್ಲ. ಚರ್ಚು ಕಲಿಸಿದ್ದರಲ್ಲಿ ಕೋಪವಿತ್ತು. ಎರಡನ್ನೂ ಅವಳು ನಂಬುತ್ತಿದ್ದಳು.

ನಮ್ಮ ಸೆಮಿನಾರುಗಳಿಗೆ ಪ್ರಿಯವಾದ ವಿವರಣೆ ಇಲ್ಲಿದೆ: ಚರ್ಚಿನ ಬೋಧನೆಗೆ ತಲೆಬಾಗುತ್ತೇನೆ ಎಂದು ಅವಳು ಹೇಳಿದ್ದು ಜಾಣತನ, ಭಯ, ಮುಖವಾಡ. ಭಯಕ್ಕೆ ಕಾರಣವಿರಲಿಲ್ಲವೆಂದು ನಾನು ಹೇಳುವುದಿಲ್ಲ. 1401ರಲ್ಲಿ ಇಂಗ್ಲೆಂಡಿನಲ್ಲಿ ಪಾಷಂಡಿಗಳನ್ನು ಸುಡುವ ಕಾನೂನೇ ಬಂತು. ಹೆಣ್ಣು ಬೋಧಿಸುವುದನ್ನು ಆ ಕಾಲ ಸಹಿಸುತ್ತಿರಲಿಲ್ಲ. ಆದರೆ ಮುಖವಾಡ ತೊಟ್ಟವರು ಒಂದು ಸಾಲು ಬರೆದು ಪಾರಾಗುತ್ತಾರೆ. ಇವಳು ಇಪ್ಪತ್ತು ವರ್ಷ ಅದರ ಜೊತೆ ಗುದ್ದಾಡಿದಳು. ಒಡೆಯ ಮತ್ತು ಆಳಿನ ದೃಷ್ಟಾಂತವನ್ನೇ ತೆಗೆದುಕೊಳ್ಳಿ. ಒಡೆಯನ ಕೆಲಸ ಮಾಡುವ ಉತ್ಸಾಹದಲ್ಲಿ ಓಡಿದ ಆಳು ಹಳ್ಳಕ್ಕೆ ಬೀಳುತ್ತಾನೆ. ಪೆಟ್ಟಾಗಿದೆ, ಏಳಲಾಗುತ್ತಿಲ್ಲ. ಎಲ್ಲಕ್ಕಿಂತ ದೊಡ್ಡ ಸಂಕಟವೆಂದರೆ ಕತ್ತು ತಿರುಗಿಸಿ ಒಡೆಯನ ಮುಖ ನೋಡಲು ಆಗುತ್ತಿಲ್ಲ. ನೋಡಿದ್ದರೆ ಅಲ್ಲಿ ದೂರು ಕಾಣುತ್ತಿರಲಿಲ್ಲ, ಮರುಕ ಕಾಣುತ್ತಿತ್ತು. ಮೊದಲು ಬರೆದ ಚಿಕ್ಕ ಪಠ್ಯದಲ್ಲಿ ಈ ದೃಷ್ಟಾಂತವಿಲ್ಲ. ಸುಮಾರು ಇಪ್ಪತ್ತು ವರ್ಷ ಅದರ ಒಂದೊಂದು ವಿವರವನ್ನೂ, ಆಳಿನ ಹರಿದ ಅಂಗಿಯಿಂದ ಒಡೆಯನ ನೀಲಿ ಉಡುಪಿನವರೆಗೆ, ನೋಡಿ ನೋಡಿ ಆಮೇಲೆ ದೊಡ್ಡ ಪಠ್ಯದಲ್ಲಿ ಬರೆದಳು. ದೇವರು ಬರೀ ರೂಪಕವಾಗಿದ್ದರೆ ಈ ಇಪ್ಪತ್ತು ವರ್ಷ ಯಾಕೆ ಬೇಕಿತ್ತು? ರೂಪಕಗಳು ಎರಡು ಬಗೆಯಾಗಿದ್ದರೆ ಯಾರ ನಿದ್ದೆಯೂ ಕೆಡುವುದಿಲ್ಲ. ದೇವರು ಇದ್ದಾನೆ, ಅವನು ಹೀಗಿದ್ದಾನೆ ಅಥವಾ ಹಾಗಿದ್ದಾನೆ, ಎರಡರಲ್ಲಿ ಒಂದು ತಪ್ಪಿರಬಹುದು ಎಂದುಕೊಂಡವಳಿಗೆ ಮಾತ್ರ ನಿದ್ದೆ ಕೆಡುತ್ತದೆ.

ಅವಳ 'ತಾಯಿ ಕ್ರಿಸ್ತ'ನ ಗತಿಯೂ ನಮ್ಮ ಕೈಯಲ್ಲಿ ಹೀಗೇ ಆಗಿದೆ. ಪುರುಷ ದೇವರನ್ನು ಹೆಣ್ಣಾಗಿಸಿದ ಬಂಡಾಯ ಎಂದು ನಾನೇ ಬರೆದಿದ್ದೆ. ಕ್ಯಾರೊಲಿನ್ ವಾಕರ್ ಬೈನಮ್ 1982ರ ಪುಸ್ತಕದಲ್ಲೇ ತೋರಿಸಿದಂತೆ, ಹನ್ನೆರಡನೇ ಶತಮಾನದ ಸಿಸ್ಟರ್ಷಿಯನ್ ಸನ್ಯಾಸಿಗಳು, ಗಂಡಸರು, ಆ ಮಾತನ್ನು ಧಾರಾಳವಾಗಿ ಬಳಸಿದ್ದರು. ಜೂಲಿಯನ್ ಅದನ್ನು ಮಠಗಳ ಪರಂಪರೆಯಿಂದ ಪಡೆದು ಅವರು ಹೋಗದಷ್ಟು ದೂರ ಒಯ್ದಳು. ಅದು ಬಂಡಾಯಕ್ಕಿಂತ ಕಷ್ಟದ ಕೆಲಸ ಅನ್ನಿಸುತ್ತದೆ ನನಗೆ.

ಅವಳ ಪುಸ್ತಕ ಉಳಿದ ಕಥೆಯೂ ಒಂಟಿತನದ್ದಲ್ಲ. ಇಂಗ್ಲೆಂಡಿನಲ್ಲಿ ಮಠಗಳು ಮುಚ್ಚಿದ ಮೇಲೆ ಫ್ರಾನ್ಸಿನಲ್ಲಿ ನೆಲೆಸಿದ್ದ ಇಂಗ್ಲಿಷ್ ಬೆನೆಡಿಕ್ಟೈನ್ ಸನ್ಯಾಸಿನಿಯರ ವಲಯದಲ್ಲಿ, ಹದಿನೇಳನೇ ಶತಮಾನದಲ್ಲಿ ಕೈಯಲ್ಲಿ ನಕಲು ಮಾಡಿದ ಪ್ರತಿಗಳಿಂದ ಅದು ನಮಗೆ ಸಿಕ್ಕಿದೆ. ಅವರು ಅದನ್ನು ಪ್ರಾರ್ಥಿಸಲೆಂದು ನಕಲು ಮಾಡಿದರು. 1670ರಲ್ಲಿ ಸೆರೀನಸ್ ಕ್ರೆಸಿ ಎಂಬ ಬೆನೆಡಿಕ್ಟೈನ್ ಸನ್ಯಾಸಿ ಅಚ್ಚು ಹಾಕಿಸಿದ. ಎಂ.ಎ. ತರಗತಿಯಲ್ಲಿ ನಮಗೆ ಅವಳು ಸಿಗುವುದು ಎಲಿಯಟ್ಟನ 'ಲಿಟಲ್ ಗಿಡಿಂಗ್' ಕವಿತೆಯ ಅಡಿಟಿಪ್ಪಣಿಯಲ್ಲಿ. ಆ ಕವಿತೆ ಬಂದ 1942ರಲ್ಲೇ ಅವಳ ಚರ್ಚಿಗೆ ಬಾಂಬು ಬಿತ್ತು. ಎಲ್ಲ ಸರಿಹೋಗುತ್ತದೆ ಎಂಬ ಅವಳ ಭರವಸೆ ಈಗ ಕಾಫಿ ಮಗ್ಗುಗಳ ಮೇಲಿದೆ. ಪಾಪದ ಬಗ್ಗೆ ಕೇಳಿದ ಪ್ರಶ್ನೆಗೆ ಬಂದ ಉತ್ತರ ಅದು ಎಂಬುದು ಮಗ್ಗಿನ ಮೇಲೆ ಹಿಡಿಸುವುದಿಲ್ಲ.

ನಂಬದವರು ಅನುಭಾವಿಗಳನ್ನು ಓದಬಾರದು ಎಂಬುದು ನನ್ನ ವಾದವಲ್ಲ. ನಾನು ಕ್ರೈಸ್ತಧರ್ಮದವಳಲ್ಲ, ನನ್ನ ನಂಬಿಕೆ ದಿನಕ್ಕೊಂದು ರೀತಿ ಇರುತ್ತದೆ. ನಂಬಿಕೆ ಇಲ್ಲದವರು ಜೂಲಿಯನ್‌ಗೆ "ನೀನು ಹೇಳಿದ್ದು ಸುಳ್ಳು" ಎಂದು ಹೇಳಬಹುದು. ಅದು ಅವಳಿಗೆ ಕೊಡುವ ಮರ್ಯಾದೆಯೇ. "ನೀನು ದೇವರೆಂದದ್ದು ನಿಜವಾಗಿ ಬೇರೆ ಏನನ್ನೋ" ಎಂದು ಅವಳ ಪರವಾಗಿ ನಾವೇ ಮಾತಾಡಿ, ಆಮೇಲೆ ಅವಳಿಗೆ ದನಿ ಕೊಟ್ಟೆವೆಂದು ಬೀಗುವುದಿದೆಯಲ್ಲ, ಅದು ನನಗೆ ಸಹ್ಯವಾಗುತ್ತಿಲ್ಲ.

ಗೆಳತಿಗೆ ಆ ರಾತ್ರಿ ಉತ್ತರ ಕೊಡಲಿಲ್ಲ. "ನನಗ ಗೊತ್ತಿಲ್ಲವ್ವ" ಎಂದು ಅವಳದೇ ಧಾಟಿಯಲ್ಲಿ ಹೇಳಿದೆ, ನಕ್ಕಳು. ಪುಸ್ತಕ ಇನ್ನೂ ವಾಪಸ್ ಬಂದಿಲ್ಲ. ಸಂಶೋಧನೆಯ ಸಾರಲೇಖದಲ್ಲಿ 'ದೇವರೆಂಬ ರೂಪಕ' ಎಂದಿದ್ದ ಕಡೆಯಲ್ಲೆಲ್ಲ 'ದೇವರು' ಎಂದು ತಿದ್ದಿ ಕಳಿಸಿದೆ. ಮಾರ್ಗದರ್ಶಕರು ಒಂದೊಂದರ ಪಕ್ಕದಲ್ಲೂ ಪ್ರಶ್ನಾರ್ಥಕ ಚಿಹ್ನೆ ಹಾಕಿ ಹಿಂದಿರುಗಿಸಿದ್ದಾರೆ.