ಕವಳದ ಸುಣ್ಣ, ರಬ್ಬರ್ ಡ್ಯಾಮು ಮತ್ತು ರೂಟ್ ಕೆನಾಲು

ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಹಲ್ಲುನೋವು ಬಂದರೆ ಮೊದಲು ಲವಂಗ, ಆಮೇಲೆ ಮೆಡಿಕಲ್ ಶಾಪಿನ ಮಾತ್ರೆ, ಅಡಿಕೆ ಕೊಯ್ಲು ಮುಗಿದ ಮೇಲೆ ಡಾಕ್ಟ್ರು. ರೂಟ್ ಕೆನಾಲ್ ಅಂದ ಕೂಡಲೆ ಎಲ್ಲರೂ ಕೇಳೋದು ಎರಡೇ ಪ್ರಶ್ನೆ: ಎಷ್ಟಾಗ್ತದೆ? ಎಷ್ಟು ಸಲ ಬಸ್ಸು ಹತ್ತಬೇಕು? ಒಳಗೆ ಯಾವುದರಲ್ಲಿ ತೊಳೀತೀರಿ ಅಂತ ಕೇಳಿದವರನ್ನು ನಾನಂತೂ ಕಂಡಿಲ್ಲ. ಕೇಳಬೇಕಾದ್ದೇ ಅದು.

ಹಲ್ಲಿನ ಬೇರಿನೊಳಗಿನ ಕಾಲುವೆ ನೇರ ಕೊಳವೆ ಅಲ್ಲ ನೋಡಿ. ಕವಲು, ಸಂದಿ, ಮೂಲೆ ಎಲ್ಲ ಇರ್ತವೆ. ಸೂಜಿಯಂಥ ಫೈಲು ಹಾಕಿ ಎಷ್ಟೇ ಕೆರೆದರೂ ಗೋಡೆಯ ಮೂರನೇ ಒಂದು ಭಾಗ, ಕೆಲವೊಮ್ಮೆ ಇನ್ನೂ ಹೆಚ್ಚು, ಮುಟ್ಟದೇ ಉಳಿದುಬಿಡ್ತದೆ ಅಂತ ಮೈಕ್ರೋ ಸಿಟಿ ಸ್ಕ್ಯಾನುಗಳಲ್ಲಿ ಕಂಡಿದೆ. ಅಲ್ಲಿಗೆ ದ್ರಾವಣವೇ ಗತಿ. ಮುಖ್ಯವಾದ್ದು ಸೋಡಿಯಂ ಹೈಪೋಕ್ಲೋರೈಟ್, ಬಟ್ಟೆಯ ಬ್ಲೀಚಿನದೇ ಜಾತಿ. ಶೇ. 0.5ರಿಂದ 5.25ರವರೆಗೆ ಬಳಸ್ತಾರೆ. ಮೊದಲ ಮಹಾಯುದ್ಧದಲ್ಲಿ ಹೆನ್ರಿ ಡೇಕಿನ್ ಸೈನಿಕರ ಗಾಯ ತೊಳೆಯೋಕೆ ಬಳಸಿದ್ದೂ ಇದನ್ನೇ, ತೆಳುವಾಗಿ. ಕ್ರಿಮಿ ಕೊಲ್ಲೋದಲ್ಲದೆ ಸತ್ತ ನರದ ಚೂರುಗಳನ್ನೂ ಕರಗಿಸ್ತದೆ. ಕ್ಲೋರ್‌ಹೆಕ್ಸಿಡಿನ್‌ಗೆ ಆ ಶಕ್ತಿ ಇಲ್ಲ. ಕೆರೆದ ಪುಡಿ ಗೋಡೆಗೆ ಮೆತ್ತಿಕೊಂಡಿರ್ತದಲ್ಲ, ಅದಕ್ಕೆ ಶೇ. 17ರ ಇಡಿಟಿಎ.

ಇನ್ನು 'ಮುಂದಿನ ವಾರ ಬನ್ನಿ' ಅಂತ ಒಳಗಿಟ್ಟು ಕಳಿಸೋ ಬಿಳಿ ಔಷಧಿ ಬಹಳ ಸಲ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ನಮ್ಮ ಕವಳದ ಸುಣ್ಣವೇ ಮಾರಾಯ್ರೆ! ಪಿಎಚ್ ಸುಮಾರು 12.5. ಅಷ್ಟು ಕ್ಷಾರದಲ್ಲಿ ಹೆಚ್ಚಿನ ಕ್ರಿಮಿಗಳು ಬದುಕೋಲ್ಲ. (ಹಾಗಂತ ಮನೆಯ ಸುಣ್ಣವನ್ನು ಹುಳುಕಿಗೆ ಮೆತ್ತಬೇಡಿ, ಬಾಯಿ ಸುಡ್ತದೆ.) ಅಡಿಕೆ ಜಗಿದು ಜಗಿದು ಬಾಯಿ ಬಿಗಿದವರ ಹಿಂದಿನ ದವಡೆಹಲ್ಲಿಗೆ ಸಿರಿಂಜು ತಲುಪಿಸೋದೇ ಕಷ್ಟ. ಅಡಿಕೆ ಬೆಳೆಯೋ ಊರಲ್ಲಿ ಇದನ್ನು ಹೇಳಿದರೆ ಸಿಟ್ಟು ಬರ್ತದೆ, ಇರಲಿ.

ನನ್ನ ತಕರಾರು ಇರೋದು ರಬ್ಬರ್ ಡ್ಯಾಮಿನ ಬಗ್ಗೆ. ಹಲ್ಲೊಂದನ್ನೇ ಹೊರಗೆ ಬಿಟ್ಟು ಬಾಯಿ ಮುಚ್ಚೋ ತೆಳು ರಬ್ಬರ್ ಹಾಳೆ. 1864ರಲ್ಲಿ ನ್ಯೂಯಾರ್ಕಿನ ಸ್ಯಾನ್‌ಫರ್ಡ್ ಬಾರ್ನಮ್ ಶುರು ಮಾಡಿದ್ದು, ಅಂದರೆ ನಮ್ಮ ಲಿಂಗನಮಕ್ಕಿ ಡ್ಯಾಮಿಗಿಂತ ಹೆಚ್ಚುಕಡಿಮೆ ನೂರು ವರ್ಷ ಹಳೇದು! ಎಂಜಲು ಒಳಗೆ ಹೋಗಲ್ಲ, ಬ್ಲೀಚು ಗಂಟಲಿಗಿಳಿಯಲ್ಲ, ಫೈಲು ಜಾರಿದರೆ ನುಂಗೋ ಭಯವಿಲ್ಲ. ಆದರೂ ಹಾಕದೇ ಕೆಲಸ ಮುಗಿಸೋರು ಬೇಕಾದಷ್ಟಿದ್ದಾರೆ. ಟೈಮ್ ಆಗ್ತದೆ, ಪೇಷಂಟಿಗೆ ಕಿರಿಕಿರಿ ಅಂತಾರೆ. ಕಿರಿಕಿರಿ ಹೌದು. ಆದರೆ ಒಂದು ಕಡೆ ತೊಳೆಯುತ್ತ ಇನ್ನೊಂದು ಕಡೆ ಎಂಜಲು ಬಿಟ್ಟುಕೊಂಡರೆ ತೊಳೆದದ್ದು ಯಾಕೆ? ಕ್ಯಾಪಿಗೆ ಸಾವಿರಗಟ್ಟಲೆ ಕೊಡೋ ನಾವು, ಆ ರಬ್ಬರ್ ಹಾಳೆಯ ದುಡ್ಡನ್ನೂ ಬಿಲ್ಲಿಗೆ ಸೇರಿಸಿ ಡಾಕ್ಟ್ರೇ, ಅಂತ ಹೇಳಬಹುದಲ್ಲ.