‘ಬೈಠ್ ಜಾಯೇಗಾ’ ಅಂದರೆ ಏನು?

‘ಬೈಠ್ ಜಾಯೇಗಾ, ಮ್ಯಾಡಮ್.’

ಅಂಗಡಿಯವನು ಕರೆದದ್ದು ನನ್ನನ್ನು, ನೋಡಿದ್ದು ನನ್ನ ಗಂಡನ ಮುಖವನ್ನು. ಗಂಡನಿಗೆ ಕಾರು ಓಡಿಸಲು ಬರುವುದಿಲ್ಲ. ಇರಲಿ. ಆ ಮಳಿಗೆ ಕಲ್ಯಾಣದಲ್ಲಿತ್ತು. ಗೋಡೆಯ ತುಂಬ ಗಾಲಿಗಳು ನೇತುಬಿದ್ದಿದ್ದವು; ಕಪ್ಪು, ಬೆಳ್ಳಿ, ಒಂದಂತೂ ಗುಲಾಬಿ ಅಂಚಿನದು. ನಾನು ಬೆರಳು ತೋರಿಸಿದ್ದು 17 ಇಂಚಿನ, ಹತ್ತು ಕಡ್ಡಿಯ ಗಾಲಿಗೆ. ನಮ್ಮ ಗಾಡಿಗೆ ಇದು ಆಗುತ್ತದೆಯೇ ಎಂದು ಕೇಳಿದ್ದಕ್ಕೆ ಸಿಕ್ಕ ಉತ್ತರ ಅದು. ಪಕ್ಕದಲ್ಲಿ ಟೈರು ಉರುಳಿಸುತ್ತಿದ್ದ ಹುಡುಗ ಅದನ್ನೇ ಮರಾಠಿಯಲ್ಲಿ ‘ಬಸೇಲ್’ ಎಂದ. ನಾನು ಮನೆಗೆ ಫೋನು ಮಾಡಿ ಅಮ್ಮನಿಗೆ ‘ಕೂಡ್ತದಂತ’ ಎಂದೆ. ಮೂರು ಭಾಷೆಯಲ್ಲಿ ಗಾಲಿ ಕೂತೇಬಿಟ್ಟಿತು.

ಭಾಷಾವಿಜ್ಞಾನ ಓದಿದವಳು ನಾನು. ಹೊಟ್ಟೆಪಾಡಿಗೆ ಅನುವಾದ ಮಾಡುತ್ತೇನೆ. ಒಂದು ಕ್ರಿಯಾಪದ ಎಷ್ಟು ಸಂಗತಿಗಳನ್ನು ಒಟ್ಟಿಗೆ ಮುಚ್ಚಿಡಬಲ್ಲದು ಎನ್ನುವುದು ನನಗೇ ಮೊದಲು ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಕಾರು 2012ರ ಹೊಂಡಾ ಸಿಟಿ. ಖಾರ್‌ಘರ್‌ನ ಒಂದು ಕುಟುಂಬದಿಂದ ಕೊಂಡದ್ದು, ಎಂಎಚ್ 43 ನಂಬರಿನದು. ಕಬ್ಬಿಣದ ಡಿಸ್ಕ್, ಮೇಲೆ ಒಡೆದ ಪ್ಲಾಸ್ಟಿಕ್ ಮುಚ್ಚಳ, ಮುಂದೆ ಹೊಳಪು ಸುಲಿದ ಗ್ರಿಲ್. ಎಂಜಿನ್ ಮಾತ್ರ ಈಗಲೂ ಗಡಿಯಾರ. ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ನಿಲ್ಲಿಸಿದ ದಿನ ಕೆಳಮನೆಯವರು ಸುತ್ತ ಒಂದು ಪ್ರದಕ್ಷಿಣೆ ಹಾಕಿ ‘ಸ್ಟೇಷನ್ನಿಗೆ ಹೋಗಿ ಬರೋದಕ್ಕೆ ಸಾಕು ಬಿಡಿ’ ಎಂದರು. ಗಾಲಿ, ಗ್ರಿಲ್ ಬದಲಿಸುತ್ತೇನೆ ಎಂದಾಗ ಅಮ್ಮ ಧಾರವಾಡದಿಂದ, ‘ಮುದಿ ಎತ್ತಿಗೆ ಹೊಸಾ ಕೊಂಬಣಸು’ ಎಂದಳು.

ಮೊದಲು ಆ ಮಾತಿಗೆ ಉತ್ತರ ಕೊಟ್ಟುಬಿಡುತ್ತೇನೆ. ಹಳೇ ಕಾರಿಗೆ ಅಲಂಕಾರ ಮಾಡುವವರನ್ನು ಕಂಡರೆ ನಮ್ಮ ಓದಿದ ಜನಕ್ಕೆ ಒಂದು ನಗು. ಇಪ್ಪತ್ತು ಲಕ್ಷದ ಹೊಸ ಕಾರಿನಲ್ಲಿ ಷೋರೂಮಿನವರೇ ಹಾಕಿಕೊಟ್ಟ ಮಿಶ್ರಲೋಹದ ಗಾಲಿ ಅಭಿರುಚಿ. ಎರಡೂವರೆ ಲಕ್ಷದ ಹಳೇ ಕಾರಿಗೆ ನಾವೇ ಹಾಕಿಸಿದರೆ ಶೋಕಿ. ಕಾರಹುಣ್ಣಿಮೆಯ ದಿನ ಎತ್ತಿನ ಕೋಡಿಗೆ ಬಣ್ಣ ಹಚ್ಚುವಾಗ ಅದರ ಹಲ್ಲು ಎಣಿಸಿ ಹಚ್ಚುವವರನ್ನು ನಾನು ನೋಡಿಲ್ಲ. ಇನ್ನೊಬ್ಬರು ಹನ್ನೆರಡು ವರ್ಷ ಓಡಿಸಿದ ವಸ್ತು ನಮ್ಮದಾಗುವುದು ಕಲ್ಯಾಣದ ಆರ್‌ಟಿಒ ಕಾಗದದಲ್ಲಿ ಹೆಸರು ಬದಲಾದಾಗ ಅಲ್ಲ, ಕೈಯಾರೆ ಏನಾದರೂ ಮಾಡಿದಾಗ. ಆ ಆಸೆಯ ಮೇಲೆ ನನಗೆ ತಕರಾರಿಲ್ಲ. ನನ್ನ ತಕರಾರು ಇರುವುದು ‘ಬೈಠ್ ಜಾಯೇಗಾ’ದ ಮೇಲೆ.

ನಾಲ್ಕು ಗಾಲಿ, 205/45 R17 ಟೈರು ಸಮೇತ ಹಾಕಿಸಿಕೊಂಡು ಬಂದೆವು. ಊರೊಳಗೆ ಮೂರು ವಾರ ಸುಖ. ಆಮೇಲೆ ಧಾರವಾಡಕ್ಕೆ ಹೊರಟೆವು. ಹಿಂದಿನ ಸೀಟಿನಲ್ಲಿ ಅತ್ತೆ, ಮಗಳು. ಶಿಳ್‌ಫಾಟಾ ದಾಟಿ ಕಳಂಬೋಳಿಯ ಹತ್ತಿರ ರಸ್ತೆ ಖಾಲಿ ಸಿಕ್ಕು ವೇಗ ಎಂಬತ್ತಕ್ಕೆ ಏರಿದ್ದೇ ಸ್ಟಿಯರಿಂಗು ನಡುಗತೊಡಗಿತು. ಅರವತ್ತಕ್ಕೆ ಇಳಿಸಿದರೆ ನಿಲ್ಲುತ್ತದೆ, ಎಂಬತ್ತಕ್ಕೆ ಮತ್ತೆ ಶುರು. ಎಕ್ಸ್‌ಪ್ರೆಸ್‌ವೇ ಹತ್ತುವ ಮೊದಲೇ ಪಕ್ಕಕ್ಕೆ ತೆಗೆದುಕೊಂಡೆ. ಕಳಂಬೋಳಿ ಲಾರಿಗಳ ಊರು, ಟೈರಿನ ಅಂಗಡಿಗೆ ಬರವಿಲ್ಲ. ಒಬ್ಬ ವಯಸ್ಸಾದ ಮಿಸ್ತ್ರಿ ನಟ್ಟಿಗೆ ಪಾನಾ ಹಾಕಿದ, ನಿಂತ, ನನ್ನನ್ನೇ ಕರೆದ. ‘ನೋಡಿ’ ಎಂದ. ಮುಂದಿನ ಎಡಗಾಲಿಯ ನಾಲ್ಕು ನಟ್ಟಿನಲ್ಲಿ ಎರಡು ಬೆರಳಲ್ಲೇ ತಿರುಗುತ್ತಿದ್ದವು.

ಆತ ತೋರಿಸಿದ್ದನ್ನು ನಿಮಗೂ ಹೇಳಬೇಕು. ಈ ಬರಹ ಶುರು ಮಾಡಿದ್ದೇ ಅದಕ್ಕೆ.

ಗಾಲಿ ‘ಕೂರುವುದು’ ಎಂದರೆ ಒಂದು ಕೆಲಸವಲ್ಲ. ನಾಲ್ಕು ಬೋಲ್ಟು ನಾಲ್ಕು ತೂತಿನಲ್ಲಿ ಹೋಗುವುದು ಮೊದಲನೆಯದು. ನನ್ನ ಕಾರಿನಲ್ಲಿ ಆ ನಾಲ್ಕು ಬೋಲ್ಟುಗಳು 100 ಮಿಲಿಮೀಟರ್ ವ್ಯಾಸದ ವೃತ್ತದ ಮೇಲಿವೆ. ಗಾಲಿಯದೂ ಅದೇ ಇತ್ತು. ಅಂಗಡಿಯವನು ‘ಕೂರುತ್ತದೆ’ ಎಂದದ್ದು ಇಷ್ಟನ್ನೇ ನೋಡಿ. ಎರಡನೆಯದು ನಡುವಿನ ದೊಡ್ಡ ತೂತು. ಕಾರಿನ ಹಬ್ಬಿನ ಉಬ್ಬು 56.1 ಮಿಲಿಮೀಟರ್. ಮಾರುಕಟ್ಟೆಯ ಗಾಲಿ ಎಲ್ಲ ಕಾರಿಗೂ ಆಗಲಿ ಎಂದು ಅದರ ತೂತನ್ನು ದೊಡ್ಡದಾಗಿ ಕೊರೆದಿರುತ್ತಾರೆ, ನನ್ನದು 73.1. ಸುತ್ತಲೂ ಎಂಟೂವರೆ ಮಿಲಿಮೀಟರ್ ಖಾಲಿ ಜಾಗ. ಅದನ್ನು ತುಂಬಲು ಒಂದು ಉಂಗುರ ಬರುತ್ತದೆ, ಪ್ಲಾಸ್ಟಿಕ್ಕಿನದೋ ಅಲ್ಯೂಮಿನಿಯಂದೋ. ಅದು ಭಾರ ಹೊರುವುದಿಲ್ಲ. ಭಾರ ಹೊರುವುದು ನಟ್ಟುಗಳ ಬಿಗಿತದಿಂದ ಹುಟ್ಟುವ ಘರ್ಷಣೆ. ಉಂಗುರದ ಕೆಲಸ ಗಾಲಿಯನ್ನು ನಟ್ಟನಡುವೆ ಹಿಡಿಯುವುದು. ನನ್ನ ನಾಲ್ಕು ಗಾಲಿಯಲ್ಲಿ ಒಂದಕ್ಕೂ ಉಂಗುರವಿರಲಿಲ್ಲ.

ಮೂರನೆಯದು ನಟ್ಟು. ಇದು ನನಗೆ ನಿಜಕ್ಕೂ ಗೊತ್ತಿರಲಿಲ್ಲ. ಹೊಂಡಾ ತನ್ನ ಕಾರಿಗೆ ಕೊಡುವ ನಟ್ಟಿನ ತಳ ಗೋಲಿಯ ಹಾಗೆ ದುಂಡು. ಹೊರಗಿನ ಗಾಲಿಗಳ ನಟ್ಟುಗುಣಿ ಹೆಚ್ಚಾಗಿ ಶಂಕುವಿನಾಕಾರ. ಆಲಿಕೆಯೊಳಗೆ ಗೋಲಿ ಇಟ್ಟು ನೋಡಿ, ತಾಗುವುದು ಒಂದು ತೆಳುಗೆರೆಯಷ್ಟೇ. ಬಿಗಿದಾಗ ಬಿಗಿಯಾದಂತೆಯೇ ಅನಿಸುತ್ತದೆ. ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಆ ಗೆರೆಯ ಬಣ್ಣ, ಲೋಹ ಸವೆದು ಬಿಗಿತ ಇಳಿಯುತ್ತದೆ. ಕಲ್ಯಾಣದ ಅಂಗಡಿಯಲ್ಲಿ ನನ್ನ ಹಳೆಯ ನಟ್ಟುಗಳನ್ನೇ ಹಾಕಿದ್ದರು. ‘ಕಂಪನಿ ನಟ್ ಹೈ, ಅಸಲಿ ಹೈ’ ಎಂದು ಹೆಮ್ಮೆಯಿಂದ ಹೇಳಿಯೂ ಇದ್ದರು.

ನಾಚಿಕೆಯ ಸಂಗತಿ ಇನ್ನೊಂದಿದೆ. ಕೆಲವು ವರ್ಷಗಳ ಹಿಂದೆ ಒಂದು ವಾಹನದ ಕೈಪಿಡಿಯನ್ನು ನಾನೇ ಕನ್ನಡಕ್ಕೆ ತಂದಿದ್ದೆ. ‘ನಿಗದಿಪಡಿಸಿದ ನಟ್ಟುಗಳನ್ನು ಮಾತ್ರ ಬಳಸಿರಿ’ ಎಂಬ ವಾಕ್ಯ ಅದರಲ್ಲಿ ನಾಲ್ಕು ಕಡೆ ಬಂದಿತ್ತು. ಪದಕ್ಕೆ ಇಷ್ಟೆಂದು ದುಡ್ಡು ತೆಗೆದುಕೊಂಡು ನಾಲ್ಕು ಸಲ ಅಂಟಿಸಿದ್ದೆ. ಟಾರ್ಕ್‌ಗೆ ‘ತಿರುಚುಬಲ’ ಎನ್ನಲೋ ‘ಟಾರ್ಕ್’ ಎಂದೇ ಬಿಡಲೋ ಎಂದು ಅರ್ಧ ದಿನ ತಲೆ ಕೆಡಿಸಿಕೊಂಡವಳು, ಆ ವಾಕ್ಯ ಯಾಕಿದೆ ಎಂದು ಅರ್ಧ ನಿಮಿಷವೂ ಯೋಚಿಸಿರಲಿಲ್ಲ.

ಮಿಸ್ತ್ರಿ ಶಂಕುವಿನ ನಟ್ಟು ತರಿಸಿ, ಟಾರ್ಕ್ ಪಾನಾದಲ್ಲಿ 108 ನ್ಯೂಟನ್ ಮೀಟರಿಗೆ ಬಿಗಿದು, ‘ನೂರು ಕಿಲೋಮೀಟರ್ ಆದಮೇಲೆ ಇನ್ನೊಮ್ಮೆ ನೋಡಿಸಿ’ ಎಂದ. ಉಂಗುರ ಅಲ್ಲಿ ಸಿಗಲಿಲ್ಲ. ಧಾರವಾಡದ ಆಸೆ ಬಿಟ್ಟು ಐವತ್ತರ ವೇಗದಲ್ಲಿ ಮನೆಗೆ ವಾಪಸಾದೆವು. ಅತ್ತೆ ದಾರಿಯುದ್ದಕ್ಕೂ ಏನೂ ಹೇಳಲಿಲ್ಲ, ಬೈದಿದ್ದರೆ ವಾಸಿಯಿತ್ತು.

17 ಇಂಚಿನ ಕಥೆ ಅಲ್ಲಿಗೂ ಮುಗಿಯಲಿಲ್ಲ. ಮೂಲ ಟೈರು 175/65 R15. ಇದರ ಲೆಕ್ಕ ಸುಲಭ: ಅಗಲ 175 ಮಿಲಿಮೀಟರ್, ಪಕ್ಕೆಯ ಎತ್ತರ ಅದರ ಶೇ. 65, ಅಂದರೆ ಸುಮಾರು 114. ನನ್ನ ಹೊಸ ಟೈರಿನ ಪಕ್ಕೆ 92. ಒಟ್ಟು ವ್ಯಾಸದಲ್ಲಿ ಎಂಟು ಮಿಲಿಮೀಟರ್ ಮಾತ್ರ ವ್ಯತ್ಯಾಸವಾದ್ದರಿಂದ ಸ್ಪೀಡೋಮೀಟರು ಹೆಚ್ಚೇನೂ ಸುಳ್ಳು ಹೇಳುವುದಿಲ್ಲ. ಆದರೆ ಗುಂಡಿಗೂ ಲೋಹಕ್ಕೂ ನಡುವಿದ್ದ ರಬ್ಬರಿನ ಗೋಡೆಯಲ್ಲಿ ಎರಡು ಸೆಂಟಿಮೀಟರಿಗೂ ಹೆಚ್ಚು ಹೋಯಿತು. ಜುಲೈ ತಿಂಗಳಿನಲ್ಲಿ ಕಲ್ಯಾಣ-ಶಿಳ್ ರಸ್ತೆಯಲ್ಲೋ ಠಾಣೆಯ ಘೋಡ್‌ಬಂದರ್ ರಸ್ತೆಯಲ್ಲೋ ಗಾಡಿ ಓಡಿಸಿದವರಿಗೆ ಎರಡು ಸೆಂಟಿಮೀಟರ್ ಅಂದರೆ ಎಷ್ಟು ಎಂದು ಬಿಡಿಸಿ ಹೇಳಬೇಕಾಗಿಲ್ಲ. ನೀರು ತುಂಬಿದ ಮೇಲೆ ಗುಂಡಿ ಯಾವುದು, ಎದ್ದುಹೋದ ಪೇವರ್ ಬ್ಲಾಕ್ ಯಾವುದು ಗೊತ್ತಾಗುವುದಿಲ್ಲ. ಕಟಾಯಿ ನಾಕಾದ ಹತ್ತಿರ ಒಂದು ಸಂಜೆ ಢಬ್ ಎಂದಿತು. ಮರುದಿನ ಟೈರು ಚಪ್ಪಟೆ. ಗಾಲಿಯ ಒಳ ಅಂಚಿನಲ್ಲಿ ಕೂದಲೆಳೆಯ ಬಿರುಕು.

‘ವೆಲ್ಡಿಂಗ್ ಮಾಡಿಕೊಡುತ್ತೇವೆ, ಗೊತ್ತೇ ಆಗುವುದಿಲ್ಲ’ ಎಂದವರು ಇಬ್ಬರು. ಗೊತ್ತಾಗದೆ ಇರುವುದೇ ಇಲ್ಲಿ ಅಪಾಯ. ಇಂಥ ಗಾಲಿಗಳನ್ನು ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ಎರಕ ಹೊಯ್ದು, ಆಮೇಲೆ ಶಾಖ ಕೊಟ್ಟು ಹದಗೊಳಿಸಿರುತ್ತಾರೆ. ಬಲ ಬರುವುದು ಆ ಹದದಿಂದ. ವೆಲ್ಡಿಂಗಿನ ಕಾವು ಬಿರುಕಿನ ಸುತ್ತಲಿನ ಹದವನ್ನೇ ಕೆಡಿಸುತ್ತದೆ. ಮೇಲೆ ಬಣ್ಣ ಬಳಿದರೆ ಮುಂದಿನ ಗಿರಾಕಿಗೆ ಅದು ಹೊಸ ಗಾಲಿ. ಸೆಕೆಂಡ್‌ಹ್ಯಾಂಡ್ ಗಾಲಿ ಅಗ್ಗಕ್ಕೆ ಕೊಳ್ಳುವವರು ದಯವಿಟ್ಟು ಒಳಮೈ ನೋಡಿ. ಹೊಸದನ್ನು ಕೊಳ್ಳುವವರೂ ನೋಡಿ. ಗಾಲಿಯ ಬೆನ್ನಲ್ಲಿ ಒಂದಿಷ್ಟು ಬರಹವಿರುತ್ತದೆ: ಅಳತೆ, ಆಫ್‌ಸೆಟ್, ಹೊರಬಲ್ಲ ಭಾರ, ಮಾನಕದ ಗುರುತು. ಆಫ್‌ಸೆಟ್ ತಪ್ಪಿದರೆ ಟೈರು ಒಳಗೆ ಸಸ್ಪೆನ್ಷನ್ನಿಗೋ ಹೊರಗೆ ಮಡ್‌ಗಾರ್ಡಿಗೋ ಉಜ್ಜುತ್ತದೆ, ಅದೂ ಐದು ಜನ ಕೂತು ಡಿಕ್ಕಿ ತುಂಬಿದಾಗ ಮಾತ್ರ, ಅಂದರೆ ಅಂಗಡಿಯ ಮುಂದೆ ಎಂದೂ ಅಲ್ಲ. ಬೆನ್ನಲ್ಲಿ ಏನೂ ಬರೆಯದ ಗಾಲಿಯನ್ನು ಎಷ್ಟೇ ಚೆನ್ನಾಗಿದ್ದರೂ ಬಿಟ್ಟು ಬನ್ನಿ.

ಗ್ರಿಲ್ ವಿಷಯದಲ್ಲಿ ನನಗೆ ಇಷ್ಟು ಗಾಂಭೀರ್ಯವಿಲ್ಲ. ಜೇನುಗೂಡಿನಂಥ ಕಪ್ಪು ಜಾಲರಿ ತಂದು, ಒಂದು ಭಾನುವಾರ ನಾನೂ ಮಗಳೂ ಹಾಕಿದೆವು. ಬಂಪರಿನ ಕ್ಲಿಪ್ಪುಗಳು ಹನ್ನೆರಡು ವರ್ಷದ ಬಿಸಿಲಿಗೆ ಹಪ್ಪಳವಾಗಿದ್ದವು, ನಾಲ್ಕು ಮುರಿದವು. ಹೊಸವು ಚಿಲ್ಲರೆ ದುಡ್ಡಿಗೆ ಸಿಗುತ್ತವೆ. ನೋಡಬೇಕಾದ್ದು ಒಂದೇ, ಗಾಳಿ. ಗ್ರಿಲ್ಲಿನ ಹಿಂದೆ ಏಸಿಯ ಕಂಡೆನ್ಸರ್, ಅದರ ಹಿಂದೆ ರೇಡಿಯೇಟರ್. ತೀರ ಸಣ್ಣ ಕಣ್ಣಿನ ಜಾಲರಿ ಅಥವಾ ಪೂರ್ತಿ ಮುಚ್ಚಿದ ಕ್ರೋಮ್ ಫಲಕ ಹಾಕಿದರೆ ಮೇ ತಿಂಗಳ ಟ್ರಾಫಿಕ್ಕಿನಲ್ಲಿ ಏಸಿ ಬಿಸಿಗಾಳಿ ಊದುತ್ತದೆ. ಅಷ್ಟು ನೋಡಿಕೊಂಡರೆ ಹುಲಿಮುಖವನ್ನೇ ಹಾಕಿಸಿಕೊಳ್ಳಿ, ನನ್ನ ಅಭ್ಯಂತರವಿಲ್ಲ. ಮುಖದಲ್ಲಿ ತಪ್ಪಾದರೆ ಜನ ನಗುತ್ತಾರೆ, ಅಷ್ಟೇ.

ಕಾನೂನು ಏನನ್ನುತ್ತದೆ ಎಂದು ಕೇಳುವವರಿದ್ದಾರೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕೂ ನೋಂದಣಿ ಪತ್ರದ ವಿವರಕ್ಕೂ ತಾಳೆ ತಪ್ಪುವಂತೆ ವಾಹನವನ್ನು ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಗಟ್ಟಿಯಾಗಿಯೇ ಹೇಳಿತು. ಅದೇ ವರ್ಷದ ತಿದ್ದುಪಡಿ ಕಾನೂನುಬಾಹಿರ ಬದಲಾವಣೆಗೆ, ತಲಾ ಒಂದಕ್ಕೆ, ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸಜೆಯನ್ನು ಇಟ್ಟಿತು. ಹೊಣೆ ಮಾಲೀಕರ ಮೇಲೆ. ಸರಿ. ಆದರೆ ನನ್ನ ಅನುಭವದಲ್ಲಿ ಜೀವಕ್ಕೆ ಕುತ್ತು ತಂದದ್ದು ಗಾಲಿಯ ಅಗಲವಲ್ಲ, ಕಾಣದ ಒಂದು ಉಂಗುರ ಮತ್ತು ತಳ ದುಂಡಗಿದ್ದ ನಟ್ಟು. ರಸ್ತೆಬದಿಯಲ್ಲಿ ತಡೆದು ನಿಲ್ಲಿಸುವ ಪೊಲೀಸರ ಕಣ್ಣಿಗೆ ಅವು ಬೀಳುವುದಿಲ್ಲ. ಬೀಳಬೇಕಾದ್ದು ಬಿಲ್ಲಿನಲ್ಲಿ. ಔಷಧದಂಗಡಿಯವನು ಬ್ಯಾಚ್ ನಂಬರ್ ಬರೆದುಕೊಡುವ ಹಾಗೆ ಗಾಲಿ ಮಾರುವವನು ಯಾವ ಕಾರಿಗೆ ಯಾವ ಅಳತೆಯ ಗಾಲಿ, ಆಫ್‌ಸೆಟ್ ಎಷ್ಟು, ನಡುತೂತು ಎಷ್ಟು, ಉಂಗುರ ಕೊಟ್ಟಿದ್ದೇನೋ ಇಲ್ಲವೋ, ನಟ್ಟು ಯಾವುದು, ಎಷ್ಟು ಬಿಗಿದೆ ಎಂದು ಬರೆದು ಸಹಿ ಹಾಕಬೇಕು. ಇದು ಕಡ್ಡಾಯವಾಗಬೇಕು ಎನ್ನುವುದು ನನ್ನ ವಾದ. ಆಗುವವರೆಗೆ ಗಿರಾಕಿಗಳು ಕೇಳುತ್ತಲಾದರೂ ಇರಬೇಕು. ನನ್ನ ಬಿಲ್ಲಿನಲ್ಲಿ ಇದ್ದದ್ದು ‘ಮ್ಯಾಗ್ 17, ನಗ 4’, ಕೆಳಗೆ ಮೊತ್ತ.

‘ಇಷ್ಟೆಲ್ಲ ಕೇಳಿದರೆ ಯಾರೂ ಮಾರುವುದಿಲ್ಲ’ ಎಂದು ಗೆಳತಿಯೊಬ್ಬಳು ಹೇಳಿದಳು. ನಾನೂ ಹಾಗೇ ಅಂದುಕೊಂಡಿದ್ದೆ. ಎರಡನೇ ಸಲ ಕೊಳ್ಳಲು ಹೋದದ್ದು ನವಿ ಮುಂಬಯಿಯ ಒಂದು ಅಂಗಡಿಗೆ, ಚೀಟಿ ಬರೆದುಕೊಂಡು. ಈ ಬಾರಿ 16 ಇಂಚು, 185/55ರ ಟೈರು. 2017ರ ಸಿಟಿಯ ಮೇಲ್ದರ್ಜೆಯ ಮಾದರಿಗೆ ಕಂಪನಿಯೇ ಕೊಟ್ಟ ಅಳತೆ, ವ್ಯಾಸ ಹೆಚ್ಚೂಕಡಿಮೆ ಮೂಲದ್ದೇ, ಪಕ್ಕೆ 102. ಅಂಗಡಿಯಾಕೆ (ಹೌದು, ಆಕೆ) ಚೀಟಿ ಓದಿ, ‘ನೀವು ಎಂಜಿನಿಯರಾ?’ ಎಂದಳು. ಅನುವಾದಕಿ ಎಂದೆ. ಏನೋ ಅರ್ಥವಾದಂತೆ ತಲೆಯಾಡಿಸಿ, ಒಳಗಿಂದ ವರ್ನಿಯರ್ ತರಿಸಿ ಉಂಗುರ ಅಳೆದಳು. ಬಿಲ್ಲಿನ ಹಿಂಭಾಗದಲ್ಲಿ ಮರಾಠಿಯಲ್ಲಿ, ನಿಧಾನವಾಗಿ, ಬರೆದುಕೊಟ್ಟಳು: ಮಧಲೇ ಭೋಕ 73.1, ರಿಂಗ್ 56.1, ಅಲ್ಯೂಮಿನಿಯಂ, ನಗ 4, ನಟ್ ಶಂಕು, 16, ಟಾರ್ಕ್ 108. ಬರೆದು ಮುಗಿಸಿ ಅಭ್ಯಾಸಬಲದಿಂದ ‘ಬಸೇಲ್’ ಎಂದಳು, ನಕ್ಕಳು.

ನೂರು ಕಿಲೋಮೀಟರ್ ಆದಮೇಲೆ ನಟ್ಟು ನೋಡಿಸಿಕೊಂಡು ಬಂದೆ. ಗಣಪತಿ ಹಬ್ಬಕ್ಕೆ ಧಾರವಾಡಕ್ಕೆ ಹೊರಡುತ್ತಿದ್ದೇವೆ. ಅತ್ತೆ ರೈಲಿನ ಟಿಕೆಟ್ಟು ತೆಗೆಸಿಕೊಂಡಿದ್ದಾರೆ.